ಅನಸೂಯಾದೇವಿಯ ಕಾಡಿನಲ್ಲಿ ಒಂದು ದಿನ

ಅನಸೂಯಾದೇವಿಯ ಕತೆ ನಮಗೆಲ್ಲ ಗೊತ್ತು. ಬ್ರಹ್ಮ, ವಿಷ್ಣು, ಮಹೇಶ್ವರ ಮೂವರೂ ಭಿಕ್ಷೆ ಬೇಡುವವರ ವೇಷ ಹಾಕಿ ಅವಳ ಮನೆ ಬಾಗಿಲಿಗೆ ಬಂದರು. ಅವಳನ್ನು ಪರೀಕ್ಷೆ ಮಾಡಬೇಕು ಅಂತ ಬಂದವರು ಅವರು. ಅನಸೂಯೆ ಹೆದರಲಿಲ್ಲ. ಮೂವರನ್ನೂ ಹಸುಗೂಸು ಮಾಡಿ, ಎತ್ತಿಕೊಂಡು, ಹಾಲು ಕುಡಿಸಿದಳು. ಆಮೇಲೆ ದತ್ತಾತ್ರೇಯ ಅವಳ ಮಗನಾಗಿ ಹುಟ್ಟಿದ ಅಂತ ಪುರಾಣ ಹೇಳುತ್ತದೆ. ನಮ್ಮ ಕಲಬುರಗಿ ಜಿಲ್ಲೆಯ ಗಾಣಗಾಪುರಕ್ಕೆ ಜನ ಹೋಗುವುದು ಆ ದತ್ತನ ದರ್ಶನಕ್ಕೇ.

ಆ ತಾಯಿಯ ಗುಡಿ ಹಿಮಾಲಯದ ಒಂದು ಕಾಡಿನಲ್ಲಿದೆ. ಅಲ್ಲಿಗೆ ಕಾಡಿನ ದಾರಿಯಲ್ಲಿ ನಡೆದು ಹೋಗಬೇಕು. ಬೆಳಿಗ್ಗೆ ಹೊರಟರೆ ಸಂಜೆಗೆ ತಿರುಗಿ ಬರಬಹುದು. ಈ ಪಾಠದಲ್ಲಿ ನಾವು ಆ ದಾರಿ ನಡೆಯೋಣ. ಕಾಡನ್ನೂ ನೋಡೋಣ. ಆ ಕಾಡನ್ನು ಉಳಿಸಿದ ಹೆಂಗಸರ ಕತೆಯನ್ನೂ ಕೇಳೋಣ. ಬನ್ನಿ ಅಕ್ಕಾ, ಸೆರಗು ಬಿಗಿ ಮಾಡಿಕೊಳ್ಳಿ.

ಎಲ್ಲಿದೆ ಈ ಊರು?

ನಮ್ಮ ದೇಶದ ಉತ್ತರದ ತುದಿಯಲ್ಲಿ ಉತ್ತರಾಖಂಡ ಅನ್ನುವ ರಾಜ್ಯ ಇದೆ. ಮೊದಲು ಅದು ಉತ್ತರ ಪ್ರದೇಶದಲ್ಲಿ ಸೇರಿತ್ತು. 2000ನೇ ಇಸವಿಯ ನವೆಂಬರ್ 9ರಂದು ಬೇರೆ ರಾಜ್ಯವಾಯಿತು. ಬದರಿ, ಕೇದಾರ ಇರುವುದು ಅಲ್ಲೇ.

ಹರಿದ್ವಾರದವರೆಗೆ ರೈಲು. ಅಲ್ಲಿಂದ ಮುಂದೆ ಬೆಟ್ಟದ ರಸ್ತೆ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಆಳದಲ್ಲಿ ಹೊಳೆ. ದೇವಪ್ರಯಾಗ, ರುದ್ರಪ್ರಯಾಗ, ಕರ್ಣಪ್ರಯಾಗ ದಾಟಿ ಹೋದರೆ ಚಮೋಲಿ ಸಿಗುತ್ತದೆ. ಅಲ್ಲಿಂದ ಮೇಲೆ ಹತ್ತಿದರೆ ಗೋಪೇಶ್ವರ. ಅದು ಚಮೋಲಿ ಜಿಲ್ಲೆಯ ಮುಖ್ಯ ಊರು. ಗೋಪೇಶ್ವರದಿಂದ ಸುಮಾರು 13 ಕಿಲೋಮೀಟರ್ ಹೋದರೆ ಮಂಡಲ ಅನ್ನುವ ಹಳ್ಳಿ. ನಮ್ಮ ನಡಿಗೆ ಶುರುವಾಗುವುದು ಇಲ್ಲಿಂದ.

ಮಂಡಲದ ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಹೊಲಗಳಿವೆ. ಹೊಲದಲ್ಲಿ ಏನು ಬೆಳೀತಾರೆ ಗೊತ್ತಾ? ಗೋಧಿ, ಭತ್ತ, ಮತ್ತೆ ನಮ್ಮ ರಾಗಿ! ಅವರು ಅದಕ್ಕೆ ಮಂಡುವಾ ಅಂತಾರೆ. ನಾವು ಮುದ್ದೆ ಮಾಡುತ್ತೇವೆ, ಅವರು ರೊಟ್ಟಿ ಮಾಡುತ್ತಾರೆ. ಹಿಟ್ಟು ಒಂದೇ.

ನಡೆಯಲು ಶುರು

ಯುಗಾದಿಯ ಹೊತ್ತಿನಲ್ಲಿ ಇಲ್ಲಿಗೆ ಬಂದರೆ ಚೆನ್ನ. ಚಳಿ ಕಡಿಮೆಯಾಗಿರುತ್ತದೆ, ಮಳೆ ಇನ್ನೂ ಬಂದಿರುವುದಿಲ್ಲ. ಮಳೆಗಾಲದಲ್ಲಿ ಮಾತ್ರ ಬೇಡ. ಗುಡ್ಡ ಕುಸಿಯುತ್ತದೆ, ದಾರಿ ಜಾರುತ್ತದೆ, ಜಿಗಣೆ ಹತ್ತುತ್ತದೆ.

ಬೆಳಿಗ್ಗೆ 7 ಗಂಟೆಗೆ ಹೊರಡೋಣ. ಕಾಲಿಗೆ ಗಟ್ಟಿ ಚಪ್ಪಲಿ ಅಥವಾ ಬೂಟು ಇರಲಿ. ಒಂದು ಕೋಲು, ಕುಡಿಯಲು ನೀರು, ಮಧ್ಯಾಹ್ನದ ಬುತ್ತಿ, ಹೊದೆಯಲು ಒಂದು ಶಾಲು. ಇಷ್ಟು ಸಾಕು. ಒಬ್ಬರೇ ಹೋಗಬಾರದು. ದಾರಿ ಗೊತ್ತಿರುವ ಊರಿನವರನ್ನು ಜೊತೆಗೆ ಕರೆದುಕೊಳ್ಳಬೇಕು.

ಗುಡಿಗೆ 5 ಕಿಲೋಮೀಟರ್ ದೂರ. ಕಡಿಮೆ ಅನ್ನಿಸುತ್ತದೆ, ಅಲ್ವಾ? ಆದರೆ ಇದು ಏರುದಾರಿ. ನಿಧಾನವಾಗಿ ಗಂಟೆಗೆ 2 ಕಿಲೋಮೀಟರ್ ನಡೆದರೆ ಎರಡೂವರೆ ಗಂಟೆ ಬೇಕು. ಓಡಬೇಡಿ. ಉಸಿರು ಹತ್ತಿದರೆ ನಿಲ್ಲಿ. ಗುಡಿ ಸುಮಾರು 2000 ಮೀಟರ್ ಎತ್ತರದಲ್ಲಿದೆ. ಕರ್ನಾಟಕದ ಅತಿ ಎತ್ತರದ ಬೆಟ್ಟ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ. ಅದಕ್ಕಿಂತ ಸ್ವಲ್ಪ ಮೇಲೆ ನಾವು ಹೋಗುತ್ತೇವೆ. ಹಿಮಾಲಯದಲ್ಲಿ ಇದು ಕೆಳಗಿನ ಮೆಟ್ಟಿಲು ಅಷ್ಟೇ!

ಇದು ಕೇದಾರನಾಥ ವನ್ಯಜೀವಿ ಧಾಮ. ವನ್ಯಜೀವಿ ಧಾಮ ಅಂದರೆ ಕಾಡುಪ್ರಾಣಿ, ಹಕ್ಕಿ, ಗಿಡಮರಗಳಿಗೆ ಕಾನೂನಿನ ರಕ್ಷಣೆ ಕೊಟ್ಟಿರುವ ಜಾಗ. 1972ರಲ್ಲಿ ಇದನ್ನು ಮಾಡಿದರು. ಇದರ ವಿಸ್ತಾರ 975 ಚದರ ಕಿಲೋಮೀಟರ್. ಕೆಳಗೆ 1160 ಮೀಟರಿನಿಂದ ಮೇಲೆ 7068 ಮೀಟರಿನವರೆಗೆ ಇದೆ. ಕೆಳಗೆ ಕಾಡು, ಅದರ ಮೇಲೆ ಹುಲ್ಲು, ತುದಿಯಲ್ಲಿ ವರ್ಷವಿಡೀ ಹಿಮ.

ಒಳಗೆ ಹೋಗಲು ನಿಯಮ ಇದೆ. ಅರಣ್ಯ ಇಲಾಖೆಯವರನ್ನು ಕೇಳಿ ಹೋಗಬೇಕು. ಬೆಂಕಿ ಹಚ್ಚಬಾರದು. ಗಿಡ ಕೀಳಬಾರದು. ಪ್ರಾಣಿಗಳನ್ನು ಕೆಣಕಬಾರದು. ಪ್ಲಾಸ್ಟಿಕ್ ಬಿಸಾಡಬಾರದು. ದಾರಿಯಲ್ಲಿ ಬೋರ್ಡು ಕಂಡರೆ ನಿಂತು ಓದಬೇಕು. ಇಂಥ ಬೋರ್ಡು ನಮ್ಮ ಬಂಡೀಪುರದಲ್ಲೂ ಇವೆ, ನಾಗರಹೊಳೆಯಲ್ಲೂ ಇವೆ. ಅಲ್ಲಿ ಕನ್ನಡದಲ್ಲಿ ಇರುತ್ತವೆ. ಈಗ ನೀವೇ ಓದಬಹುದು.

ನೀರು ಕೊಡುವ ಮರ

ಹೊಲ ದಾಟಿದ ಮೇಲೆ ಕಾಡು ದಟ್ಟವಾಗುತ್ತದೆ. ಪಕ್ಕದಲ್ಲಿ ಹೊಳೆ ಹರಿಯುವ ಸದ್ದು. ಬಿಸಿಲು ಎಲೆಗಳ ನಡುವೆ ಇಷ್ಟಿಷ್ಟೇ ಬೀಳುತ್ತದೆ.

ಇಲ್ಲಿ ಜಾಸ್ತಿ ಇರುವುದು ಬಾಂಜ್ ಮರ. ಎಲೆ ದಪ್ಪ, ಅಂಚಿನಲ್ಲಿ ಮುಳ್ಳಿನಂಥ ಹಲ್ಲು. ಮೇಲೆ ಹಸಿರು, ಕೆಳಗೆ ಬೂದಿ ಬಣ್ಣ. ಇಲ್ಲಿನ ಹೆಂಗಸರಿಗೆ ಈ ಮರ ಬಲು ಬೇಕು. ಎಲೆ ದನಕ್ಕೆ ಮೇವು. ಉದುರಿದ ಎಲೆ ಕೊಟ್ಟಿಗೆಗೆ ಹಾಸು, ಆಮೇಲೆ ಹೊಲಕ್ಕೆ ಗೊಬ್ಬರ. ಒಣಗಿದ ಕೊಂಬೆ ಒಲೆಗೆ ಸೌದೆ.

ಎಲ್ಲಕ್ಕಿಂತ ದೊಡ್ಡದು ನೀರು. ಮರ ಹೇಗೆ ನೀರು ಕೊಡುತ್ತದೆ ಅಂತೀರಾ? ಮನೆಯಲ್ಲಿ ಒಂದು ಪರೀಕ್ಷೆ ಮಾಡಿ. ಇಳಿಜಾರು ಕಲ್ಲುಚಪ್ಪಡಿಯ ಮೇಲೆ ಒಂದು ಚೊಂಬು ನೀರು ಸುರಿಯಿರಿ. ನೀರು ಸರ್ರನೆ ಹರಿದು ಹೋಗುತ್ತದೆ. ಈಗ ಅದೇ ಚಪ್ಪಡಿಯ ಮೇಲೆ ಗೋಣಿಚೀಲ ಹಾಸಿ ನೀರು ಸುರಿಯಿರಿ. ಚೀಲ ನೀರು ಕುಡಿಯುತ್ತದೆ. ಎಷ್ಟೋ ಹೊತ್ತಿನ ತನಕ ತೊಟ್ಟು ತೊಟ್ಟಾಗಿ ಬಿಡುತ್ತಲೇ ಇರುತ್ತದೆ.

ಬಾಂಜ್ ಕಾಡಿನ ನೆಲವೂ ಹೀಗೆಯೇ. ಉದುರಿದ ಎಲೆ ಕೊಳೆತು ಮೆತ್ತಗಿನ ಹಾಸು ಆಗಿರುತ್ತದೆ. ಮಳೆಯ ನೀರು ಅದರಲ್ಲಿ ಇಂಗಿ ಮಣ್ಣಿಗೆ ಇಳಿಯುತ್ತದೆ. ಬೇರು ಮಣ್ಣನ್ನು ಹಿಡಿದಿಟ್ಟಿರುತ್ತದೆ. ಇಂಗಿದ ನೀರು ಕೆಳಗೆ ಊರಿನ ಹತ್ತಿರ ಒರತೆಯಾಗಿ ಬರುತ್ತದೆ. ಬೇಸಿಗೆಯಲ್ಲೂ ಕೊಡ ತುಂಬುತ್ತದೆ. ಮರ ಕಡಿದರೆ ಏನಾಗುತ್ತದೆ? ಮಳೆಗಾಲದಲ್ಲಿ ಮಣ್ಣು ಕುಸಿಯುತ್ತದೆ, ಬೇಸಿಗೆಯಲ್ಲಿ ಒರತೆ ಬತ್ತುತ್ತದೆ. ಆಗ ಕೊಡ ಹೊತ್ತು ದೂರ ಹೋಗುವವರು ಯಾರು? ಹೆಂಗಸರೇ.

ಬಾಂಜ್ ಮರಗಳ ನಡುವೆ ಕೆಂಪಗೆ ಹೂ ಬಿಟ್ಟ ಮರ ಕಾಣುತ್ತದೆ. ಅದು ಬುರಾಂಶ್. ಉತ್ತರಾಖಂಡದ ರಾಜ್ಯ ಮರ. ಅದರ ಹೂವಿನಿಂದ ಶರಬತ್ತು ಮಾಡುತ್ತಾರೆ.

ಮರದ ತೊಗಟೆಯ ಮೇಲೆ ಬೂದಿ ಬಣ್ಣದ ಚಕ್ಕೆ ಚಕ್ಕೆ ಅಂಟಿಕೊಂಡಿದೆ, ನೋಡಿ. ಇದನ್ನು ನೀವು ಅಡುಗೆಮನೆಯಲ್ಲಿ ನೋಡಿದ್ದೀರಿ. ಮಸಾಲೆಗೆ ಹಾಕುವ ಕಲ್ಲುಹೂವು ಇದೇ ಜಾತಿಯದು. ಹಿಮಾಲಯದ ಬಾಂಜ್ ಕಾಡುಗಳಿಂದ ಅದು ಪೇಟೆಗೆ ಬರುತ್ತದೆ. ಆದರೆ ಧಾಮದ ಒಳಗೆ ನಾವು ಕೀಳುವ ಹಾಗಿಲ್ಲ. ನೋಡಿ ಮುಂದೆ ಹೋಗೋಣ.

ಕಾಡಿನ ಜೀವಿಗಳು

ಮರದ ಮೇಲೆ ಕಪ್ಪು ಮುಖದ ಮುಸಿಯ ಕೂತಿರುತ್ತದೆ. ಪೊದೆಯಲ್ಲಿ ಕಾಡುಕೋಳಿಯಂಥ ಹಕ್ಕಿ ಸರಸರ ಓಡುತ್ತದೆ. ಇನ್ನೂ ಎತ್ತರದಲ್ಲಿ ಮೋನಾಲ್ ಅನ್ನುವ ಹಕ್ಕಿ ಇದೆ. ಗಂಡು ಮೋನಾಲ್‌ಗೆ ನವಿಲಿನ ಹಾಗೆ ತಲೆಯ ಮೇಲೆ ಜುಟ್ಟು, ಮೈಮೇಲೆ ಹಸಿರು, ನೀಲಿ, ತಾಮ್ರದ ಬಣ್ಣ. ಅದು ಉತ್ತರಾಖಂಡದ ರಾಜ್ಯ ಪಕ್ಷಿ.

ಈ ಧಾಮ ಹೆಸರಾಗಿರುವುದು ಕಸ್ತೂರಿ ಮೃಗಕ್ಕೆ. "ಕಸ್ತೂರಿ ಕನ್ನಡ" ಅಂತ ನಾವು ಹೇಳುತ್ತೇವಲ್ಲ, ಆ ಕಸ್ತೂರಿ ಈ ಪ್ರಾಣಿಯದು. ಸಣ್ಣ ಜಿಂಕೆಯಂಥ ಪ್ರಾಣಿ. ಕೊಂಬು ಇಲ್ಲ. ಗಂಡಿಗೆ ಬಾಯಿಂದ ಹೊರಗೆ ಬಂದ ಎರಡು ಕೋರೆಹಲ್ಲು ಇರುತ್ತವೆ. ಗಂಡಿನ ಹೊಕ್ಕುಳ ಹತ್ತಿರ ಒಂದು ಚೀಲ. ಸುವಾಸನೆಯ ಕಸ್ತೂರಿ ಅದರಲ್ಲಿ ಇರುತ್ತದೆ. ಆ ಚೀಲದ ಆಸೆಗೆ ಕಳ್ಳಬೇಟೆಯವರು ಉರುಲು ಹಾಕುತ್ತಾರೆ. ಉರುಲಿಗೆ ಗಂಡು ಯಾವುದು, ಹೆಣ್ಣು ಯಾವುದು, ಮರಿ ಯಾವುದು ಅಂತ ಗೊತ್ತಾಗುತ್ತದೆಯೆ? ಎಲ್ಲವೂ ಸಾಯುತ್ತವೆ. ಹೀಗೆ ಈ ಪ್ರಾಣಿ ಕಡಿಮೆಯಾಯಿತು. ಇದನ್ನು ಕೊಂದವರಿಗೆ 3ರಿಂದ 7 ವರ್ಷ ಜೈಲು ಅಂತ ಕಾನೂನು ಇದೆ.

ಚಿರತೆ, ಕರಡಿಯೂ ಇಲ್ಲಿವೆ. ಕಪ್ಪು ಕರಡಿ. ಎದೆಯ ಮೇಲೆ ಬಿಳಿ ಪಟ್ಟೆ. ಬಾಂಜ್ ಮರದ ಕಾಯಿ ಅಂದರೆ ಅದಕ್ಕೆ ಇಷ್ಟ. ಹುಲ್ಲಿಗೆ ಹೋದ ಹೆಂಗಸರ ಮೇಲೆ ಕರಡಿ, ಚಿರತೆ ಬಿದ್ದದ್ದು ಈ ಸೀಮೆಯಲ್ಲಿ ಎಷ್ಟೋ ಸಲ ನಡೆದಿದೆ. ಅದಕ್ಕೇ ಹೆಂಗಸರು ಗುಂಪಾಗಿ ಹೋಗುತ್ತಾರೆ. ಮಾತಾಡುತ್ತಾ, ಹಾಡುತ್ತಾ ಹೋಗುತ್ತಾರೆ. ಸದ್ದು ಕೇಳಿದರೆ ಪ್ರಾಣಿ ದೂರ ಹೋಗುತ್ತದೆ. ಮನೆಗೆ ಬರುವಾಗ ಹೊರೆ ಬೆನ್ನ ಮೇಲೆ. ನಮ್ಮ ಹಾಗೆ ತಲೆಯ ಮೇಲಲ್ಲ.

ಬಂಡೆಯ ಮೇಲಿನ ಅಕ್ಷರ

ದಾರಿಯಲ್ಲಿ ಒಂದು ಬಂಡೆ. ಅದರ ಮೇಲೆ ಅಕ್ಷರ ಕೆತ್ತಿದ್ದಾರೆ. ಸರ್ವವರ್ಮ ಅನ್ನುವ ರಾಜನ ಕಾಲದ ಶಾಸನ ಅದು. ಸುಮಾರು 1400 ವರ್ಷ ಹಳೆಯದು. ನಮ್ಮ ಹಾಸನ ಜಿಲ್ಲೆಯ ಹಲ್ಮಿಡಿಯಲ್ಲಿ ಸಿಕ್ಕ ಕನ್ನಡ ಶಾಸನ ಇದಕ್ಕಿಂತಲೂ ಹಳೆಯದು. ಕೆತ್ತಿದವನು ಹೋದ, ರಾಜನೂ ಹೋದ. ಅಕ್ಷರ ಮಾತ್ರ ಉಳಿದಿದೆ. ಬರೆದಿಟ್ಟದ್ದಕ್ಕೆ ಇರುವ ಬಲ ಅದು.

ಗುಡಿಯ ಮುಂದೆ

ಹತ್ತು ಗಂಟೆಯ ಹೊತ್ತಿಗೆ ಕಾಡು ಬಿಡುವಾಗುತ್ತದೆ. ಬಯಲಿನಲ್ಲಿ ಕಲ್ಲಿನ ಗುಡಿ, ಹತ್ತಿರ ಕೆಲವು ಮನೆ. ಅಮ್ಮನಿಗೆ ಕೈ ಮುಗಿಯೋಣ.

ಮಾರ್ಗಶಿರ ಹುಣ್ಣಿಮೆಗೆ ದತ್ತ ಜಯಂತಿ. ಆಗ ಇಲ್ಲಿ ಜಾತ್ರೆ. ಸುತ್ತಲ ಹಳ್ಳಿಗಳಿಂದ ದೇವಿಯರ ಪಲ್ಲಕ್ಕಿ ಬರುತ್ತವೆ. ಮಕ್ಕಳಿಲ್ಲದ ಹೆಂಗಸರು ಬಂದು ರಾತ್ರಿಯೆಲ್ಲ ಗುಡಿಯಲ್ಲಿ ಕೂತಿರುತ್ತಾರೆ. ಎಂಥ ಚಳಿ ಆಗ! ಅವರ ನೋವು ನಮಗೆ ಅರ್ಥವಾಗುತ್ತದೆ. ನಂಬಿಕೆ ಅವರದು. ಆದರೆ ಒಂದು ಮಾತು ನೆನಪಿರಲಿ. ಮಕ್ಕಳಾಗದಿದ್ದರೆ ತಪ್ಪು ಹೆಂಗಸಿನದೇ ಅಂತಲ್ಲ. ಕಾರಣ ಗಂಡಸಿನಲ್ಲೂ ಇರಬಹುದು. ಗಂಡ ಹೆಂಡತಿ ಇಬ್ಬರೂ ಡಾಕ್ಟರ ಹತ್ತಿರ ಹೋಗಬೇಕು. ಬಂಜೆ ಅಂತ ಯಾರನ್ನೂ ಕರೆಯಬಾರದು.

ಗುಡಿಯಿಂದ ಸುಮಾರು 2 ಕಿಲೋಮೀಟರ್ ಮುಂದೆ ಅತ್ರಿ ಮುನಿಯ ಗುಹೆ. ಅತ್ರಿ ಅನಸೂಯೆಯ ಗಂಡ. ಗುಹೆಗೆ ಕಬ್ಬಿಣದ ಸರಪಳಿ ಹಿಡಿದು ಬಂಡೆ ಹತ್ತಬೇಕು. ಹತ್ತಿರವೇ ದೊಡ್ಡ ಜಲಪಾತ. ಬಂಡೆ ಒದ್ದೆ ಇದ್ದರೆ ಹತ್ತಬೇಡಿ. ಕೆಳಗೆ ಕೂತು ಬುತ್ತಿ ಬಿಚ್ಚೋಣ. ಉಣ್ಣುತ್ತಾ ಇನ್ನೊಂದು ಕತೆ ಕೇಳಿ.

ಅಪ್ಪಿಕೊಂಡ ಕೈಗಳು

1970ರ ಜುಲೈ ತಿಂಗಳು. ಈ ಸೀಮೆಯ ಅಲಕನಂದಾ ಹೊಳೆಗೆ ಭಾರಿ ಪ್ರವಾಹ ಬಂತು. ಮನೆ, ಹೊಲ, ಸೇತುವೆ, ಬಸ್ಸು ಎಲ್ಲ ಕೊಚ್ಚಿ ಹೋದವು. ಮೇಲೆ ಕಾಡು ಬೋಳಾದದ್ದರಿಂದ ಕೆಳಗೆ ಇಂಥ ಕೇಡು ಬಂತು ಅಂತ ಜನ ಅರ್ಥ ಮಾಡಿಕೊಂಡರು.

ಗೋಪೇಶ್ವರದಲ್ಲಿ ದಶೋಲಿ ಗ್ರಾಮ ಸ್ವರಾಜ್ಯ ಸಂಘ ಅಂತ ಇತ್ತು. ಚಂಡೀಪ್ರಸಾದ್ ಭಟ್ ಅದರ ಮುಖಂಡರು. ನೊಗ ಮುಂತಾದ ಬೇಸಾಯದ ಸಾಮಾನು ಮಾಡಲು ಅಂಗೂ ಅನ್ನುವ ಮರ ಬೇಕಿತ್ತು. ಹಗುರ, ಆದರೆ ಗಟ್ಟಿ ಮರ. ಸಂಘದವರು ಸ್ವಲ್ಪ ಮರ ಕೇಳಿದರು. ಕೊಡುವುದಿಲ್ಲ ಅಂದರು. ಆದರೆ ದೂರದ ಊರಿನ ಒಂದು ಆಟದ ಸಾಮಾನಿನ ಕಂಪನಿಗೆ ಅದೇ ಮರ ಕಡಿಯಲು ಒಪ್ಪಿಗೆ ಸಿಕ್ಕಿತು. ರೈತನ ನೊಗಕ್ಕೆ ಇಲ್ಲ, ಆಟದ ಬ್ಯಾಟಿಗೆ ಉಂಟು!

1973ರ ಏಪ್ರಿಲ್‌ನಲ್ಲಿ ಇದೇ ಮಂಡಲದಲ್ಲಿ ಜನ ಸೇರಿದರು. ಡೋಲು ಬಡಿಯುತ್ತಾ ಕಾಡಿನ ಕಡೆ ನಡೆದರು. ಮರ ಕಡಿಯಲು ಬಂದರೆ ನಾವು ಮರ ಅಪ್ಪಿಕೊಳ್ಳುತ್ತೇವೆ ಅಂದರು. ಕಂಪನಿಯ ಜನ ಮರ ಮುಟ್ಟದೆ ತಿರುಗಿ ಹೋದರು. ಚಿಪ್ಕೋ ಚಳವಳಿ ಶುರುವಾದದ್ದು ಹೀಗೆ. ಹಿಂದಿಯಲ್ಲಿ ಚಿಪ್ಕೋ ಅಂದರೆ ಅಂಟಿಕೋ, ಅಪ್ಪಿಕೋ.

ಮುಂದಿನ ವರ್ಷ ಜೋಶಿಮಠದ ಆಚೆ ರೇಣಿ ಅನ್ನುವ ಹಳ್ಳಿಯ ಕಾಡು ಹರಾಜಾಯಿತು. ಸುಮಾರು 2500 ಮರ. 1974ರ ಮಾರ್ಚ್ 26. ಜಮೀನಿನ ಪರಿಹಾರ ಕೊಡುತ್ತೇವೆ ಬನ್ನಿ ಅಂತ ಗಂಡಸರನ್ನೆಲ್ಲ ಚಮೋಲಿಗೆ ಕರೆದಿದ್ದರು. ಊರಲ್ಲಿ ಇದ್ದದ್ದು ಹೆಂಗಸರು, ಮಕ್ಕಳು. ಅದೇ ಹೊತ್ತಿಗೆ ಕೊಡಲಿ ಹಿಡಿದ ಕೂಲಿಗಳು ಕಾಡಿಗೆ ಹೊರಟರು. ಒಬ್ಬ ಹುಡುಗಿ ನೋಡಿದಳು. ಓಡಿ ಬಂದು ಗೌರಾದೇವಿಗೆ ಹೇಳಿದಳು.

ಗೌರಾದೇವಿ ಊರಿನ ಮಹಿಳಾ ಮಂಗಲ ದಳದ ಮುಖ್ಯಸ್ಥೆ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ಗಂಡಸರು ಬರಲಿ, ನೋಡೋಣ ಅಂತ ಅವರು ಕಾಯಲಿಲ್ಲ. ಒಟ್ಟು 27 ಹೆಂಗಸರು ಮಕ್ಕಳು ಕಾಡಿಗೆ ಹೋದರು. ಈ ಕಾಡು ನಮ್ಮ ತವರುಮನೆ, ಇದನ್ನು ಕಡಿಯಲು ಬಿಡುವುದಿಲ್ಲ ಅಂದರು. ಬೈದರು, ಬಂದೂಕು ತೋರಿಸಿದರು. ಹೆಂಗಸರು ಕದಲಲಿಲ್ಲ. ರಾತ್ರಿಯೆಲ್ಲ ಕಾವಲು ಕೂತರು. ಕೊನೆಗೆ ಕೂಲಿಗಳು ಹೊರಟು ಹೋದರು. ಆಮೇಲೆ ಸರಕಾರ ಒಂದು ಸಮಿತಿ ಮಾಡಿತು. ಆ ಸೀಮೆಯಲ್ಲಿ 10 ವರ್ಷ ಮರ ಕಡಿಯಬಾರದು ಅಂತ ಆಯಿತು. ಗೌರಾದೇವಿ 1991ರಲ್ಲಿ ತೀರಿಕೊಂಡರು. ಮರಗಳು ನಿಂತಿವೆ.

1980ರಲ್ಲಿ ಚಮೋಲಿ ಜಿಲ್ಲೆಯ ಡೂಂಗ್ರಿ ಪೈಂತೋಲಿಯಲ್ಲಿ ಇನ್ನೊಂದು ಘಟನೆ. ಅಲ್ಲಿನ ಬಾಂಜ್ ಕಾಡು ಕಡಿಯಲು ಊರಿನ ಗಂಡಸರೇ ಒಪ್ಪಿದರು. ಬದಲಿಗೆ ರಸ್ತೆ, ಶಾಲೆ, ಆಸ್ಪತ್ರೆ ಸಿಗುತ್ತದೆ ಅಂತ ಆಸೆ. ಹೆಂಗಸರನ್ನು ಯಾರೂ ಕೇಳಲಿಲ್ಲ. ಸೌದೆ, ಮೇವು, ನೀರು ತರುವವರು ಹೆಂಗಸರು. ಕಾಡು ಹೋದರೆ ಎಷ್ಟು ದೂರ ನಡೆಯಬೇಕು ಅಂತ ಅವರಿಗೇ ಗೊತ್ತು. ಅವರು ಎದ್ದು ನಿಂತರು. ಕಾಡು ಉಳಿಯಿತು.

ಈ ಸುದ್ದಿ ನಮ್ಮ ಕಡೆಗೂ ಬಂತು. 1983ರ ಸೆಪ್ಟೆಂಬರ್‌ನಲ್ಲಿ ಉತ್ತರ ಕನ್ನಡ ಜಿಲ್ಲೆ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಾಡಿಗೆ ನಡೆದು ಹೋಗಿ ಮರಗಳನ್ನು ಅಪ್ಪಿಕೊಂಡರು. ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಇದ್ದರು. ಅದಕ್ಕೆ ಅಪ್ಪಿಕೋ ಚಳವಳಿ ಅಂತ ಹೆಸರಾಯಿತು.

ಕಾಡು ಯಾರದು?

ಊಟ ಆಯಿತು. ಇನ್ನು ಇಳಿಯೋಣ. ಇಳಿಯುವಾಗ ಮಂಡಿ ನೋಯುತ್ತದೆ, ಕೋಲು ಊರಿ. ನಡೆಯುತ್ತಾ ಒಂದು ವಿಷಯ ಯೋಚಿಸೋಣ.

ಕಾಡು ಉಳಿಸಬೇಕು, ಸರಿ. ಅದಕ್ಕೆ ಧಾಮ ಬೇಕು, ನಿಯಮ ಬೇಕು. ಆದರೆ ಕಾಡಿನ ಅಂಚಿನ ಹೆಂಗಸು ದನಕ್ಕೆ ಹುಲ್ಲು ಎಲ್ಲಿಂದ ತರಬೇಕು? ಮರವನ್ನು ಅಪ್ಪಿ ಉಳಿಸಿದ ಕೈಗೆ ಒಂದು ಹೊರೆ ಹುಲ್ಲು ಬೇಡವೆ? ಕಸ್ತೂರಿ ಮೃಗವೂ ಬದುಕಬೇಕು, ಅವಳ ಎಮ್ಮೆಯೂ ಬದುಕಬೇಕು. ಈ ಜಗಳ ಹಿಮಾಲಯದಲ್ಲೂ ಇದೆ, ನಮ್ಮ ಮಲೆನಾಡಿನಲ್ಲೂ ಇದೆ.

ಇದಕ್ಕಾಗಿ 2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂತು. ಹಿಂದಿನಿಂದ ಕಾಡಿನಲ್ಲಿ ವಾಸವಿದ್ದು, ಕಾಡನ್ನೇ ನಂಬಿ ಬದುಕುವ ಜನರಿಗೆ ಅದು ಹಕ್ಕು ಕೊಡುತ್ತದೆ. ವನ್ಯಜೀವಿ ಧಾಮಕ್ಕೂ ಅದು ಅನ್ವಯಿಸುತ್ತದೆ. ಮೂರು ವಿಷಯ ನೆನಪಿಡಿ.

ಒಂದು: ಹಕ್ಕಿನ ಅರ್ಜಿ ಮೊದಲು ಬರುವುದು ಗ್ರಾಮಸಭೆಗೆ.

ಎರಡು: ಅರಣ್ಯ ಹಕ್ಕು ಸಮಿತಿಯಲ್ಲಿ ಮೂರರಲ್ಲಿ ಒಂದು ಪಾಲಿಗೆ ಕಡಿಮೆಯಿಲ್ಲದಂತೆ ಹೆಂಗಸರು ಇರಲೇಬೇಕು.

ಮೂರು: ಮದುವೆಯಾದವರಿಗೆ ಜಮೀನಿನ ಹಕ್ಕುಪತ್ರ ಕೊಡುವಾಗ ಗಂಡ ಹೆಂಡತಿ ಇಬ್ಬರ ಹೆಸರೂ ಬರೆಯಬೇಕು.

ಹಾಳೆಯಲ್ಲಿ ನಮ್ಮ ಹೆಸರು ಇದೆಯಾ ಅಂತ ಓದಿ ನೋಡುವವರು ನಾವೇ. ಓದದೆ ಹೆಬ್ಬೆಟ್ಟು ಒತ್ತಬೇಡಿ. ಓದಿ, ತಿಳಿದು, ರುಜು ಹಾಕಿ. ಗ್ರಾಮಸಭೆಗೆ ಗುಂಪಾಗಿ ಹೋಗಿ. ಕಾಡಿಗೆ ಹೋಗುವ ಹಾಗೆಯೇ, ಒಬ್ಬೊಬ್ಬರೇ ಹೋಗಬೇಡಿ.

ಸಂಜೆ 4 ಗಂಟೆ. ಮಂಡಲದ ಹೊಲಗಳು ಕಾಣುತ್ತಿವೆ. ಹುಲ್ಲಿನ ಹೊರೆ ಹೊತ್ತ ಹೆಂಗಸರು ಸಾಲಾಗಿ ಇಳಿಯುತ್ತಿದ್ದಾರೆ. ಅವರಿಗೆ ದಾರಿ ಬಿಡೋಣ.

ಓದಿ, ಬರೆಯಿರಿ
ಹಿಮಾಲಯ, ವನ್ಯಜೀವಿ, ಕಸ್ತೂರಿ, ಒರತೆ, ಶಾಸನ, ಚಳವಳಿ, ಗ್ರಾಮಸಭೆ, ಹಕ್ಕುಪತ್ರ

ಉತ್ತರ ಹೇಳಿ
1. ಬಾಂಜ್ ಮರದಿಂದ ಏನೇನು ಉಪಯೋಗ?
2. ಕಸ್ತೂರಿ ಮೃಗ ಯಾಕೆ ಕಡಿಮೆಯಾಯಿತು?
3. ರೇಣಿಯ ಹೆಂಗಸರು ಕಾಡನ್ನು ಹೇಗೆ ಉಳಿಸಿದರು?
4. ಡೂಂಗ್ರಿ ಪೈಂತೋಲಿಯ ಗಂಡಸರೂ ಹೆಂಗಸರೂ ಬೇರೆ ಬೇರೆ ಯೋಚನೆ ಮಾಡಿದ್ದು ಯಾಕೆ?

ಲೆಕ್ಕ ಮಾಡಿ
ಮಂಡಲದಿಂದ ಗುಡಿಗೆ 5 ಕಿಲೋಮೀಟರ್. ಗುಡಿಯಿಂದ ಗುಹೆಗೆ 2 ಕಿಲೋಮೀಟರ್. ಹೋಗಿ ಬರಲು ಒಟ್ಟು ಎಷ್ಟು ಕಿಲೋಮೀಟರ್ ಆಯಿತು? ನೀವು ನೀರು, ಸೌದೆ, ಮೇವಿಗೆ ದಿನಕ್ಕೆ ಎಷ್ಟು ದೂರ ನಡೆಯುತ್ತೀರಿ? ಎರಡನ್ನೂ ಬರೆದು ನೋಡಿ.

ಗುಂಪಿನಲ್ಲಿ ಮಾತಾಡಿ
ನಿಮ್ಮ ಊರಿನಲ್ಲಿ ಹಿಂದೆ ಇದ್ದು ಈಗ ಬತ್ತಿದ ಕೆರೆ, ಬಾವಿ, ಒರತೆ ಯಾವುದು? ಅದರ ಮೇಲ್ಭಾಗದಲ್ಲಿ ಮೊದಲು ಯಾವ ಮರಗಳಿದ್ದವು? ಹಿರಿಯ ಅಜ್ಜಿಯರನ್ನು ಕೇಳಿ ಪಟ್ಟಿ ಮಾಡಿ. ಮುಂದಿನ ಗ್ರಾಮಸಭೆಯಲ್ಲಿ ಆ ಪಟ್ಟಿಯನ್ನು ನೀವೇ ಎದ್ದು ನಿಂತು ಓದಿ.